ರೇಡಿಯೇಟರಿಗೆ ಹಾಕಿದ ಭಂಡಾರ

ಗಾಡಿ ಕಾಯುತ್ತಿದೆ ಎಂದು ಯಾರಾದರೂ ಬಂದರೆ ನಾನು ಮೊದಲು ಏನನ್ನೂ ಬಿಚ್ಚುವುದಿಲ್ಲ. ಕೇಳುತ್ತೇನೆ. ಏರಿನಲ್ಲಿ ಕಾಯುತ್ತದೋ ಬಯಲಿನಲ್ಲೋ, ನಿಂತಾಗಲೋ ಓಡುವಾಗಲೋ, ನೀರು ಕಡಿಮೆಯಾಗಿ ಕಾಯುತ್ತದೋ ತುಂಬಿದ್ದರೂ ಕಾಯುತ್ತದೋ. ನೀರು ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ತುಂಬಿದ್ದೂ ಕಾಯುತ್ತಿದ್ದರೆ ನೀರು ಒಳಗೆ ತಿರುಗುತ್ತಿಲ್ಲ. ಅರ್ಧ ರೋಗ ಮಾತಿನಲ್ಲೇ ಸಿಗುತ್ತದೆ. ಉಳಿದರ್ಧಕ್ಕೆ ಅಂಗೈ ಸಾಕು.

ಇದನ್ನು ನನಗೆ ಕಲಿಸಿದವರು ಬೈಲಹೊಂಗಲದ ಗ್ಯಾರೇಜಿನ ಉಸ್ತಾದರು. ಸಾಲಿಯಲ್ಲಿ ನಾನು ನಾಲ್ಕನೆಯ ಇಯತ್ತೆ ದಾಟಲಿಲ್ಲ. ಅಪ್ಪ ಊರ ಹೊರಗಿನ ಕೇರಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ. ಅವನು ತೀರಿಕೊಂಡ ಮೇಲೆ ಅವ್ವ ನನ್ನ ಕೈ ಹಿಡಿದು ಗ್ಯಾರೇಜಿಗೆ ತಂದು ನಿಲ್ಲಿಸಿದಳು. ಉಸ್ತಾದರು ಯಾವ ಕೇರಿ ಎಂದು ಕೇಳಲಿಲ್ಲ. "ಎಣ್ಣಿ ಬಡದ ಮ್ಯಾಲ ಎಲ್ಲಾರ ಕೈನೂ ಕರೇನ ಕಾಣತಾವ ಬೇಟಾ," ಎಂದರು.

ನನ್ನ ಹಿಂದೆ ತಮ್ಮನೂ ಬಂದ. ಅವನಿಗೆ ಬಿಚ್ಚಿ ಕೂಡಿಸುವುದರಲ್ಲಿ ಮನಸ್ಸಿರಲಿಲ್ಲ, ನಡೆಸುವುದರಲ್ಲಿತ್ತು. ರಿಪೇರಿಯಾದ ಗಾಡಿಯನ್ನು ಟ್ರಯಲ್ ನೋಡಲು ಒಯ್ದರೆ ಅಗತ್ಯಕ್ಕಿಂತ ಒಂದು ಸುತ್ತು ಹೆಚ್ಚು ಹೊಡೆದು ಬರುತ್ತಿದ್ದ. ಎಪ್ಪತ್ತರ ದಶಕ ನಡುವಿಗೆ ಬರುವ ಹೊತ್ತಿಗೆ ಅವನು ಹತ್ತಿಯ ದಲಾಲಿ ಅಡತಿ ಇಟ್ಟಿದ್ದ ಸಾವಕಾರರ ಅಂಬಾಸಡರ್ ಕಾರಿಗೆ ಡ್ರೈವರ್ ಆಗಿದ್ದ. ಸಾವಕಾರರು ಆ ಕಾರನ್ನು ಮನೆಗೂ ಬಳಸುತ್ತಿದ್ದರು, ಬಾಡಿಗೆಗೂ ಬಿಡುತ್ತಿದ್ದರು. ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿಗೆ ಕರೆ ಬಂದರೂ ತಮ್ಮ ಹೋಗಬೇಕು. ನಮ್ಮ ಕೇರಿಯಲ್ಲಿ ಖಾಕಿ ಅಂಗಿ ತೊಟ್ಟು ಸ್ಟೇರಿಂಗ್ ಹಿಡಿದವನು ಅವನೇ ಮೊದಲು. ಮುಂಜಾನೆ ಅವನು ಅಂಗಿಯ ಗುಂಡಿ ಹಾಕುತ್ತ ಹೊರಟರೆ ಅವ್ವ ಬಾಗಿಲಲ್ಲಿ ಕೆಲಸವಿಲ್ಲದೆ ನಿಂತಿರುತ್ತಿದ್ದಳು.

ಅವನ ಡಿಕ್ಕಿಯಲ್ಲಿ ಯಾವಾಗಲೂ ಒಂದು ಡಬ್ಬಿ ಇರುತ್ತಿತ್ತು. ಸೀಮೆಎಣ್ಣೆಯ ಹಳೆಯ ಡಬ್ಬಿ. ವಾಸನೆ ಹೋಗುವವರೆಗೆ ಬೂದಿ ಹಾಕಿ ತಿಕ್ಕಿ, ಬಾಯಿಗೆ ಕಟ್ಟಿಗೆಯ ಹಿಡಿಕೆ ಕೂಡಿಸಿಕೊಂಡಿದ್ದ. ಅದರಲ್ಲಿ ಮನೋಳಿಯ ಹೊಳೆಯ ನೀರು. ಸವದತ್ತಿಯ ಕಡೆ ಹೋದಾಗಲೆಲ್ಲ ಮನೋಳಿಯಲ್ಲಿ ಗಾಡಿ ನಿಲ್ಲಿಸಿ, ಮಲಪ್ರಭೆಗೆ ಇಳಿದು, ಪಂಚೆಯ ತುದಿಯಲ್ಲಿ ಸೋಸಿ ತುಂಬಿಕೊಂಡು ಬರುತ್ತಿದ್ದ. ನಮ್ಮ ಕಡೆಯ ಎರೆನೆಲದ ಭಾವಿಗಳ ನೀರು ಬಹಳಷ್ಟು ಸವುಳು. ಅದನ್ನು ಇಂಜಿನ್ನಿಗೆ ಹಾಕುತ್ತ ಹೋದರೆ ಒಳಗೆ ಪೊರೆ ಕಟ್ಟುತ್ತದೆ, ತುಕ್ಕು ಹಿಡಿಯುತ್ತದೆ. ಎಲ್ಲ ಡ್ರೈವರುಗಳಿಗೂ ಇದು ಗೊತ್ತು. ಪಾಲಿಸುವವರು ಕಡಿಮೆ. ತಮ್ಮ ಪಾಲಿಸುತ್ತಿದ್ದ.

ಅವನಿಗೆ ಇನ್ನೊಂದು ಕಾರಣವೂ ಇತ್ತು. ದಾರಿಯಲ್ಲಿ ಯಾವ ಹಳ್ಳಿಯಲ್ಲಿ ನಿಂತರೂ ಅಲ್ಲಿನ ಭಾವಿಗೆ ನಾವು ಕೊಡ ಬಿಡುವಂತಿರಲಿಲ್ಲ. ಯಾರಾದರೂ ಬರುವವರೆಗೆ ದೂರ ನಿಂತು ಬೇಡಬೇಕು. ಅವರು ಮೇಲಿನಿಂದ ಸುರಿಯಬೇಕು, ನಾವು ಕೆಳಗೆ ಹಿಡಿಯಬೇಕು. ಸಾವಕಾರರ ಕಾರಿನಲ್ಲಿ ಬಂದವನಿಗೂ ಅದೇ.

"ಹೊಳಿ ಯಾರನೂ ಕೇಳಂಗಿಲ್ಲಣ್ಣಾ, ನೀ ಯಾರ ಪೈಕಿ ಅಂತ," ಎನ್ನುತ್ತಿದ್ದ ತಮ್ಮ. ನಗುತ್ತಲೇ ಹೇಳುತ್ತಿದ್ದ. ಆದರೆ ಆ ಡಬ್ಬಿ ಖಾಲಿಯಾಗಲು ಅವನು ಒಮ್ಮೆಯೂ ಬಿಟ್ಟದ್ದನ್ನು ನಾನು ನೋಡಿಲ್ಲ. 'ಸಾವಕಾರರ ಡ್ರೈವರ್ ಹೊಳೆಯ ನೀರು ಬಿಟ್ಟು ಬೇರೆ ಹಾಕುವುದಿಲ್ಲ' ಎಂಬ ಮಾತು ಬಸ್ ಸ್ಟ್ಯಾಂಡಿನ ಡ್ರೈವರುಗಳ ನಡುವೆ ಇತ್ತು. ಕೆಲವರು ಅದನ್ನು ಹೊಗಳಿಕೆಯಾಗಿ ಹೇಳುತ್ತಿದ್ದರು, ಕೆಲವರು ಚಾಷ್ಟಿ ಮಾಡಲು.

ಉಸ್ತಾದರ ಕಣ್ಣಿಗೆ ಪೊರೆ ಬಂದಿತ್ತು. ಅವರು ಗ್ಯಾರೇಜಿನ ಬಾಗಿಲ ಬಳಿ ಹೊರಸಿನ ಮೇಲೆ ಕೂತು ಸಪ್ಪಳ ಕೇಳಿ ಸಲಹೆ ಕೊಡುತ್ತಿದ್ದರು. ಕೆಲವು ದಿನ ಮನೆಯಿಂದ ಬರುತ್ತಲೇ ಇರಲಿಲ್ಲ. ಮಕ್ಕಳಿಲ್ಲದ ಅವರು ಗ್ಯಾರೇಜನ್ನು ನನ್ನ ಕೈಗೆ ಒಪ್ಪಿಸುವವರಿದ್ದರು. ಆದರೆ ಜಾಗ ಸಾವಕಾರರದು. ಅವರು ಹೂಂ ಎನ್ನಬೇಕಿತ್ತು. ನಮ್ಮ ಕೇರಿಯವನೊಬ್ಬನಿಗೆ ಪೇಟೆಯ ಬೀದಿಯ ಜಾಗ ಸಿಗುವುದು ಸಣ್ಣ ಮಾತಲ್ಲ. ಹಾಗಾಗಿ ಸಾವಕಾರರ ಎದುರು ನಾನು ತಪ್ಪುವಂತಿರಲಿಲ್ಲ.

ಆ ದಿನಗಳಲ್ಲೇ ಅವರ ಕಾರಿನ ರೇಡಿಯೇಟರ್ ಕೆಳಗಿನ ಹೊಲಿಗೆಯಲ್ಲಿ ಸಣ್ಣಗೆ ಒಸರತೊಡಗಿತು. ಸರಿಯಾಗಿ ಮಾಡಬೇಕೆಂದರೆ ಅದನ್ನು ಕಳಚಿ ಧಾರವಾಡಕ್ಕೆ ಕಳಿಸಿ ಬೆಸುಗೆ ಹಾಕಿಸಬೇಕು. ಅಷ್ಟು ದಿನ ಗಾಡಿ ನಿಲ್ಲಬೇಕು. ಹತ್ತಿಯ ಸುಗ್ಗಿ ನಡೆದಿತ್ತು, ಸಾವಕಾರರು ಗಾಡಿ ಬಿಟ್ಟಿರಲು ಒಪ್ಪಲಿಲ್ಲ. "ಏನರ ಮಾಡಪಾ ಮಿಸ್ತ್ರಿ. ಗಾಡಿ ನಿಂದರಬಾರದು," ಎಂದರು.

ಡ್ರೈವರುಗಳಿಗೆಲ್ಲ ಗೊತ್ತಿರುವ ಒಂದು ಉಪಾಯವಿದೆ. ರೇಡಿಯೇಟರಿನ ನೀರಿಗೆ ಚಿಟಿಕೆ ಅರಿಶಿನ ಹಾಕಿ ಇಂಜಿನ್ ಬಿಸಿ ಮಾಡಿದರೆ, ಪುಡಿ ಹೋಗಿ ತೂತಿನಲ್ಲಿ ಕೂತು ಉಬ್ಬುತ್ತದೆ, ಸೋರುವುದು ನಿಲ್ಲುತ್ತದೆ. ಉಸ್ತಾದರೂ ಇದನ್ನು ಹೇಳಿಕೊಟ್ಟಿದ್ದರು. ಹೇಳಿಕೊಡುವಾಗ, "ಅರಿಷಿಣ ದಾರಿ ಮ್ಯಾಲಿನ ಔಷಧ, ಬೇಟಾ. ಗಾಡಿ ಮನಿ ಮುಟ್ಟೂ ಮಟಾ. ಮನಿಗೆ ಬಂದ ಮ್ಯಾಲ ಬೆಸಗೀನ ಹಾಕಬೇಕು," ಎಂದಿದ್ದರು.

ಆ ಕಾರಿನಲ್ಲಿ ಅರಿಶಿನಕ್ಕೆ ಕೊರತೆ ಇರಲಿಲ್ಲ. ಅವ್ವ ಸವದತ್ತಿಯ ಎಲ್ಲವ್ವನ ಗುಡ್ಡದಿಂದ ಭಂಡಾರದ ಪುಡಿಕೆ ತಂದು ತಮ್ಮನ ಕೈಗೆ ಕೊಡುತ್ತಿದ್ದಳು. ಮಂಗಳವಾರ, ಶುಕ್ರವಾರ ಅವನು ಬಾನೆಟ್ಟಿಗೆ ಅದನ್ನು ಹಚ್ಚುತ್ತಿದ್ದ. ಉಳಿದದ್ದು ಸ್ಟೇರಿಂಗಿನ ಪಕ್ಕದ ಗೂಡಿನಲ್ಲಿರುತ್ತಿತ್ತು. ನನ್ನ ಕೈ ಅಲ್ಲಿಗೇ ಹೋಯಿತು. ಭಂಡಾರವೆಂದರೆ ಅಡುಗೆಯ ಅರಿಶಿನದಷ್ಟು ನಯವಲ್ಲ. ಅದರಲ್ಲಿ ಬೇರೆ ಪುಡಿಯೂ ಕೂಡಿರುತ್ತದೆ, ಬಿಸಿನೀರಿನಲ್ಲಿ ಅಂಟಾಗುತ್ತದೆ. ಇದು ನನಗೆ ತಿಳಿದಿತ್ತು. ದೇವಿಯದು ಎಂದು ಎರಡು ಪಟ್ಟು ನಂಬಿಕೆಯೂ ಇತ್ತು. ಹಾಕಿದೆ. ಸೋರುವುದು ನಿಂತಿತು.

ಸಾವಕಾರರು ಬಗ್ಗಿ ಕೆಳಗೆ ನೋಡಿದರು. ನೆಲ ಒಣಗಿತ್ತು. "ನಿನ್ನ ಕೈಯಾಗ ಎಲ್ಲವ್ವ ಅದಾಳ ನೋಡಪಾ," ಎಂದರು. ಆ ಮಾತು ನನಗೆ ಹಿಡಿಸಿತು.

ಕೆಲವು ವಾರಗಳಾದ ಮೇಲೆ ಮತ್ತೆ ಒಸರಿತು. ಮತ್ತೆ ಹಾಕಿದೆ, ಮೊದಲಿಗಿಂತ ಹೆಚ್ಚು. ತಮ್ಮ ಪಕ್ಕದಲ್ಲಿ ನಿಂತು, "ಉಸ್ತಾದ್ರು ಗಾಡಿ ಮನಿ ಮುಟ್ಟೂ ಮಟಾ ಅಷ್ಟ ಅಂದಿದ್ರಲ್ಲಣ್ಣಾ?" ಎಂದ.

"ನೀ ಗಾಡಿ ಹೊಡಿ. ಒಳಗಿನ ಉಸಾಬರಿ ನಿನಗ ಯಾಕ?" ಎಂದೆ.

"ಆತಪಾ ಮಿಸ್ತ್ರಿ ಸಾಹೇಬ್ರ," ಎಂದು ಸಲಾಂ ಹೊಡೆದು ಹೋದ. ಸುಗ್ಗಿ ಮುಗಿಯುವವರೆಗೆ ಹೀಗೆಯೇ ನಡೆಯಿತು. ಸುಗ್ಗಿ ಮುಗಿದ ಮೇಲೂ ನಾನು ರೇಡಿಯೇಟರ್ ಕಳಚಲಿಲ್ಲ. ಸೋರುತ್ತಿರಲಿಲ್ಲವಲ್ಲ.

ಬೇಸಿಗೆ ಬಂತು. ಒಂದು ದಿನ ತಮ್ಮ ಗಾಡಿ ತಂದು ಗ್ಯಾರೇಜಿನ ಬೇವಿನ ಕೆಳಗೆ ನಿಲ್ಲಿಸಿದ.

"ಅಣ್ಣಾ, ಈಕಿ ರಾಮದುರ್ಗಕ್ಕ ಹೋಗುವಾಗ ಸಿಟ್ಟಾಗತಾಳ, ಬರುವಾಗ ಸುಮ್ಮನ ಬರತಾಳ."

"ಗಂಡನ ಮನಿ ರಾಮದುರ್ಗ ಇರಬೇಕು," ಎಂದೆ.

"ಹಂಗಾರ ತವರಮನಿ ಮನೋಳಿ. ಹೊಳಿ ಕಂಡ್ರ ತಣ್ಣಗಾಗತಾಳ." ನಕ್ಕ. ಆಮೇಲೆ ನಗು ಬಿಟ್ಟು, "ಖರೇನ ನೋಡಣ್ಣಾ. ನೀರು ತುಂಬೇ ಇರತೈತಿ. ಆದ್ರೂ ಕಾವಿನ ಮುಳ್ಳು ಮ್ಯಾಲ ಏರತೈತಿ," ಎಂದ.

ನೋಡಿದೆ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದೆ, ಬಿಗಿಯಾಗಿತ್ತು. ಮೇಲಿನ, ಕೆಳಗಿನ ರಬ್ಬರ್ ಪೈಪುಗಳನ್ನು ಹಿಚುಕಿದೆ, ಮೆತ್ತಗಾಗಿರಲಿಲ್ಲ. ನೀರನ್ನು ತಡೆದು ಬಿಡುವ ವಾಲ್ ಬಿಚ್ಚಿ ಎದುರಿನ ಚಹಾದ ಅಂಗಡಿಗೆ ಒಯ್ದು, ಕುದಿಯುವ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟೆ. ಚಹಾದವನು, "ಇದನ್ನೂ ಬಶಿಯಾಗ ಹಾಕಿ ಕೊಡಲೇನು?" ಎಂದ. ವಾಲ್ ಬಿಸಿಗೆ ಸರಿಯಾಗಿ ಬಾಯಿ ತೆರೆಯಿತು. ಇಂಜಿನ್ ಚಾಲೂ ಮಾಡಿ ರೇಡಿಯೇಟರಿನ ಬಾಯಿಯಲ್ಲಿ ನೋಡಿದೆ, ಗುಳ್ಳೆ ಏಳಲಿಲ್ಲ. ಎಣ್ಣೆಯ ಕಡ್ಡಿ ತೆಗೆದು ನೋಡಿದೆ, ಎಣ್ಣೆ ಹಾಲುಹಾಲಾಗಿರಲಿಲ್ಲ. ಅಂದರೆ ಇಂಜಿನ್ನಿನ ಹೆಡ್ ಚೆನ್ನಾಗಿತ್ತು.

ಕಡೆಗೆ ಇಂಜಿನ್ ನಿಲ್ಲಿಸಿ, ರೇಡಿಯೇಟರಿನ ಮೇಲೆ ಅಂಗೈ ಇಟ್ಟೆ. ಮೇಲಿನ ಭಾಗ ಕೈ ಇಡಲಾರದಷ್ಟು ಬಿಸಿ. ಬದಿಗಳು ಬಿಸಿ. ನಡುವಿನಲ್ಲಿ, ಒಂದು ರೊಟ್ಟಿಯ ಅಗಲದಷ್ಟು ಜಾಗ, ತಣ್ಣಗಿತ್ತು. ಅಲ್ಲಿಂದ ಕೆಳಗೂ ತಣ್ಣಗೆ. ಅಲ್ಲಿಗೆ ಬಿಸಿನೀರು ಬರುತ್ತಲೇ ಇರಲಿಲ್ಲ. ಒಳಗಿನ ಕೊಳವೆಗಳು ಕಟ್ಟಿಕೊಂಡಿದ್ದವು. ಏನು ಕಟ್ಟಿಕೊಂಡಿದೆ ಎಂದು ನಾನು ಯಾರನ್ನೂ ಕೇಳಬೇಕಿರಲಿಲ್ಲ.

"ಏನಾತಣ್ಣಾ?"

"ಏನಿಲ್ಲ," ಎಂದೆ. "ರಾಮದುರ್ಗದ ಕಡೆ ಹೋಗುವಾಗ ಗಾಳಿ ಬೆನ್ನಿಂದ ಬರತೈತಿ. ರೇಡಿಯೇಟರಿಗೆ ಗಾಳಿ ಸಾಲಂಗಿಲ್ಲ. ಬರುವಾಗ ಎದುರಗಾಳಿ. ಅದಕ್ಕ ಬರುವಾಗ ಕಾಯಂಗಿಲ್ಲ. ಬ್ಯಾಸಿಗಿ ಕಳೀಲಿ, ಸರಿ ಹೋಗತೈತಿ."

ಅದು ಪೂರಾ ಸುಳ್ಳಲ್ಲ. ಗಾಳಿ ಬೆನ್ನಿಗಿದ್ದರೆ ಗಾಡಿ ಹೆಚ್ಚು ಕಾಯುವುದು ನಿಜ. ಅರ್ಧ ನಿಜ ಕೈಗೆ ಸಿಕ್ಕಾಗ ಸುಳ್ಳು ಹೇಳುವುದು ಬಹಳ ಸುಲಭ.

"ಒಮ್ಮೆ ರೇಡಿಯೇಟರ್ ತಗದು ನೋಡೂಣೇನು?" ಎಂದ ತಮ್ಮ.

"ಸುಮ್ಮಸುಮ್ಮನ ತಗದ್ರ ಇದ್ದ ಬೆಸಗೀನೂ ಬಿಡತೈತಿ. ಬ್ಯಾಡ."

"ನೀ ಅಂದ್ರ ಮುಗೀತು," ಎಂದು ಬಾನೆಟ್ ಮುಚ್ಚಿದ. ಅವನು ಯಾವತ್ತೂ ಬಾನೆಟ್ಟನ್ನು ಮೇಲಿನಿಂದ ಕೈಬಿಡುತ್ತಿರಲಿಲ್ಲ. ಎರಡೂ ಕೈಯಿಂದ ಇಳಿಸಿ, ಕೊನೆಗೆ ಒತ್ತುತ್ತಿದ್ದ.

ಅದಾದ ಸ್ವಲ್ಪ ದಿನಕ್ಕೆ ಸಾವಕಾರರ ಮಗಳ ನಿಶ್ಚಯ. ಹುಡುಗನ ಮನೆ ರಾಮದುರ್ಗದಲ್ಲಿ. ಸಾವಕಾರರು, ಅವರ ಹೆಂಡತಿ, ಇಬ್ಬರು ಹಿರಿಯರು, ಹಣ್ಣಿನ ಬುಟ್ಟಿ, ಸೀರೆಯ ತಟ್ಟೆ ಎಲ್ಲ ಸೇರಿ ಕಾರು ತುಂಬಿ ಹೊರಟಿತು. ನಡೆದದ್ದನ್ನು ತಮ್ಮ ಆಮೇಲೆ ಹೇಳಿದ. ಯರಗಟ್ಟಿ ದಾಟಿದ ಮೇಲೆ ಮುಳ್ಳು ಏರಿತು. ಅವನು ನಿಲ್ಲಿಸಿ, ಇಂಜಿನ್ ಆರಲು ಬಿಟ್ಟು, ಡಬ್ಬಿಯ ನೀರು ಹಾಕಿದ. ಸ್ವಲ್ಪ ಮುಂದೆ ಮತ್ತೆ ನಿಲ್ಲಿಸಿದ. ಹಿರಿಯರಲ್ಲಿ ಒಬ್ಬರು, "ಕಾರ ಬಿಟ್ಟು ಎತ್ತಿನ ಚಕ್ಕಡಿ ಹೂಡಿದ್ರ ಇಷ್ಟೊತ್ತಿಗೆ ಊಟಾ ಆಗಿರತಿತ್ತು," ಎಂದರಂತೆ. ಸಾವಕಾರರಿಗೆ ಅವಮಾನವಾಯಿತು. "ಇನ್ನೊಂದೀಟು ಆರಲಿರಿ ಸಾವಕಾರ್ರ," ಎಂದು ತಮ್ಮ ಹೇಳಿದರೂ, "ಮುಹೂರ್ತ ಮೀರತೈತಿ, ನಡಿ ನಡಿ," ಎಂದರು. ನಡೆಸಿದ. ರಾಮದುರ್ಗ ಇನ್ನೂ ದೂರವಿರುವಾಗ ಇಂಜಿನ್ ಒಮ್ಮೆ ಕಿರುಚಿ ಹಿಡಿದುಕೊಂಡಿತು. ಆಮೇಲೆ ತಿರುಗಲಿಲ್ಲ.

ಸಾವಕಾರರು ಬುಟ್ಟಿ ತಟ್ಟೆಗಳನ್ನು ಹೊತ್ತು ಬಸ್ಸಿನಲ್ಲಿ ನಿಂತುಕೊಂಡು ಬೀಗರ ಊರಿಗೆ ಹೋದರು. ನಿಶ್ಚಯವೇನೋ ಆಯಿತು. ಆದರೆ ಬೈಲಹೊಂಗಲದ ಪೇಟೆಯಲ್ಲಿ ಮರುದಿನದಿಂದ ಎಲ್ಲರ ಬಾಯಲ್ಲಿ ಆ ಬಸ್ಸಿನ ಸುದ್ದಿಯೇ.

ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ತಮ್ಮ ಗಾಡಿ ತಂದ. ಖಾಕಿ ಅಂಗಿಯ ಮೇಲೆಲ್ಲ ದಾರಿಯ ಧೂಳು. "ನೀರು ತುಂಬ ಇತ್ತಣ್ಣಾ," ಎಂದ. ಮತ್ತೆ ಮತ್ತೆ ಅದನ್ನೇ ಹೇಳಿದ. "ನೀರು ತುಂಬ ಇತ್ತು. ನಾ ಕಣ್ಣಾರೆ ನೋಡೇನಿ." ನಾನು ಹೂಂ ಎಂದೆ.

ಮರುದಿನ ಮುಂಜಾನೆ ಸಾವಕಾರರು ಬರುವವರಿದ್ದರು. ಅವರು ಬರುವ ಮೊದಲು ನಾನು ಒಂದು ಕೆಲಸ ಮಾಡಿದೆ. ಬೋಗುಣಿಯಲ್ಲಿ ನೀರು ಕಾಯಿಸಿ, ಬಟ್ಟೆ ಒಗೆಯುವ ಸೋಡಾ ಕರಗಿಸಿ, ರೇಡಿಯೇಟರಿಗೆ ಸುರಿದೆ. ಕಟ್ಟಿಕೊಂಡ ರೇಡಿಯೇಟರಿಗೆ ಸೋಡಾ ಹಾಕುವುದು ತಪ್ಪಲ್ಲ. ಎಲ್ಲ ಗ್ಯಾರೇಜಿನಲ್ಲೂ ಹಾಕುತ್ತಾರೆ, ಕೊಳೆ ಬಿಡುತ್ತದೆ. ಆದರೆ ನಾನು ಹಾಕಿದ್ದು ಕೊಳೆಗಾಗಿ ಅಲ್ಲ. ಬಣ್ಣಕ್ಕಾಗಿ. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಸೋಡಾ ಹಾಕಿದರೂ ಹಾಗೆಯೇ ಆಗುತ್ತದೆ. ಹಳದಿ ನೀರು ಹೊರಗೆ ಬಂದರೆ ಯಾರು ಹಾಕಿದ್ದು ಎಂದು ಸಾವಕಾರರಿಗೂ ತಿಳಿಯುತ್ತಿತ್ತು. 'ಕೈಯಲ್ಲಿ ಎಲ್ಲವ್ವ ಇದ್ದಾಳೆ' ಎಂದು ಹೊಗಳಿದವರು ಅವರೇ.

ತಮ್ಮ ಹಳೆಯ ಟಾಯರಿನ ಮೇಲೆ ಕೂತು ನೋಡುತ್ತಿದ್ದ. "ಇಂಜಿನ್ನ ಜಾಮ್ ಆಗೇತಿ. ಈಗ ಸೋಡಾ ಯಾಕಣ್ಣಾ?" ಎಂದ.

ನಾನು ಬೋಗುಣಿಯ ತಳದಲ್ಲಿ ಉಳಿದದ್ದನ್ನೂ ಸುರಿದೆ. ಅವನು ಮತ್ತೆ ಕೇಳಲಿಲ್ಲ.

ಸಾವಕಾರರು ಬಂದರು. ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, "ಹೆಣದ ಮುಖಾ ನೋಡಾಕ ಬಂದೇನಪಾ ಮಿಸ್ತ್ರಿ. ಯಾತರಿಂದ ಸತ್ತಿತು ಹೇಳು. ನೀರು ತುಂಬ ಇತ್ತು ಅಂತಾನ ಇಂವ. ನೀರು ತುಂಬ ಇದ್ರ ಯಾಕ ಸುಡಬೇಕು?" ಎಂದರು.

"ನೀರು ಇದ್ರ ಆಗಲಿಲ್ರಿ. ತಿರುಗಬೇಕು," ಎಂದೆ. ಬಗ್ಗಿ ಕೆಳಗಿನ ಪೈಪು ಸಡಿಲಿಸಿದೆ. ಮೊದಲು ಏನೂ ಬರಲಿಲ್ಲ. ಆಮೇಲೆ ಗಟ್ಟಿಯಾಗಿ, ತಡೆದು ತಡೆದು, ಕೆಂಪು ನೀರು ಬಂತು. ನೆಲದ ಮೇಲೆ ಹರಿದು ಗಟಾರದ ಕಡೆ ಹೋಯಿತು.

"ಇದೇನಪಾ ಇದು?"

"ತುಕ್ಕರಿ."

"ತುಕ್ಕು ಎಲ್ಲಿಂದ ಬಂತು?"

"ಸವುಳ ನೀರಿನಿಂದ ಬರತೈತ್ರಿ."

ಯಾರು ಹಾಕಿದ್ದು ಎಂದು ನಾನು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಆ ಗಾಡಿಗೆ ನೀರು ಹಾಕುತ್ತಿದ್ದವನು ಒಬ್ಬನೇ.

ಸಾವಕಾರರು ತಮ್ಮನ ಕಡೆ ತಿರುಗಿದರು. "ಏನಲೇ? ಮನೋಳಿ ಹೊಳಿ ನೀರು, ಮನೋಳಿ ಹೊಳಿ ನೀರು ಅಂತ ಜಪಾ ಮಾಡತಿದ್ದಿ. ಈಗ ಈ ಸವುಳ ನೀರು ಎಲ್ಲಿಂದ ಬಂತು? ನಿನಗ ಯಾವ ಊರಾಗ ಭಾವ್ಯಾಗ ಕೊಡ ಬಿಡಾಕ ಕೊಟ್ರು?"

ಇದನ್ನು ನಾನು ಯೋಚಿಸಿರಲಿಲ್ಲ. ನನ್ನ ಸುಳ್ಳಿನಲ್ಲಿ ಅಲ್ಲೊಂದು ತೂತಿತ್ತು. ನಮ್ಮವನು ಯಾವ ಭಾವಿಯಿಂದ ಸವುಳು ನೀರು ಸೇದಿಯಾನು? ತಮ್ಮ ಬರೀ 'ಇಲ್ಲ' ಎಂದಿದ್ದರೆ ಸಾಕಿತ್ತು, ಮಾತು ಮರಳಿ ನನ್ನ ಕಡೆ ಬರುತ್ತಿತ್ತು. ನಾನು ಪೈಪು ಹಿಡಿದುಕೊಂಡು ಬಗ್ಗಿಯೇ ಇದ್ದೆ. ಕೈ ಮೇಲೆ ಬೆಚ್ಚನೆಯ ನೀರು ಇಳಿಯುತ್ತಿತ್ತು, ಅಷ್ಟು ಮಾತ್ರ ತಿಳಿಯುತ್ತಿತ್ತು.

ತಮ್ಮ ನೀರನ್ನು ನೋಡಿದ. ಸೋಡಾದ ಬೋಗುಣಿಯನ್ನು ನೋಡಿದ. ಆಮೇಲೆ ನನ್ನನ್ನು.

"ನಾ ಬಿಟ್ಟಿಲ್ರಿ," ಎಂದ. "ಬೇಡಿದ್ನಿರಿ. ಮ್ಯಾಲಿಂದ ಹಾಕಿದ್ರು."

"ಎಲ್ಲಿ?"

"ಯರಗಟ್ಟಿ ಈಚೆ ಒಂದು ಹೊಲದ ಭಾವಿರಿ. ಡಬ್ಬಿ ಖಾಲಿ ಆಗಿತ್ತು."

"ಒಮ್ಮೆ ಹಾಕಿದ್ರ ಇಷ್ಟು ತುಕ್ಕು ಬರತೈತೇನು?"

"ಒಮ್ಮೆ ಅಲ್ರಿ. ಭಾಳ ಸಲ."

ಅವನು ಎಂದೂ ಬೇಡದೆ ಇರುವುದಕ್ಕಾಗಿ ಹೊಳೆಗೆ ಇಳಿಯುತ್ತಿದ್ದವನು. ನನ್ನ ಸುಳ್ಳು ನಿಲ್ಲಬೇಕೆಂದು, ಇಲ್ಲದ ಭಾವಿಯ ಮುಂದೆ ಹೋಗಿ ನಿಂತು, ಬೇಡಿದೆ ಎಂದು ಎಲ್ಲರ ಎದುರು ಹೇಳಿದ.

ಅಷ್ಟರಲ್ಲಿ ಅವ್ವ ರೊಟ್ಟಿಯ ಗಂಟು ಹಿಡಿದು ಬಂದಳು. ಗಟಾರದವರೆಗೆ ಹರಿದ ಕೆಂಪು ನೀರನ್ನು ಕಂಡು ಅಲ್ಲೇ ನಿಂತು, "ಯವ್ವಾ, ಇದೇನಪಾ? ಯಾರಿಗೆ ಆರತಿ ಎತ್ತೀರಿ?" ಎಂದಳು.

ಸಾವಕಾರರು ನಕ್ಕರು. "ನಿನ್ನ ಸಣ್ಣ ಮಗಗ ಎತ್ತಾಕ ಹತ್ತೇವಿ ನೋಡಬೇ."

"ತುಕ್ಕವ್ವಾ," ಎಂದ ತಮ್ಮ, ಬೇಗ. "ಕಬ್ಬಣದ ತುಕ್ಕು. ಈ ಕಡೆ ಬಾ, ಕಾಲಿಗೆ ಹತ್ತೀತು."

ಅವ್ವ ಬರಲಿಲ್ಲ. ಬಗ್ಗಿ ನೀರನ್ನು ನೋಡಿದಳು. ಮದುವೆ, ಕುಬಸ, ತೊಟ್ಟಿಲು ಎಂದು ಎಷ್ಟೋ ಆರತಿ ಕಲಸಿದ ಕೈ ಅವಳದು. ತಲೆ ಎತ್ತಿ ನನ್ನ ಮುಖ ನೋಡಿದಳು. ಗಂಟನ್ನು ಹೊರಸಿನ ಮೇಲಿಟ್ಟು ಹೊರಟುಹೋದಳು. ಅವಳು ಅದರ ಬಗ್ಗೆ ಎಂದೂ ಕೇಳಲಿಲ್ಲ. ಗುಡ್ಡಕ್ಕೆ ಹೋಗುವುದನ್ನು ಬಿಡಲಿಲ್ಲ, ಆದರೆ ಆಮೇಲೆ ಗ್ಯಾರೇಜಿಗೆ ಮಾತ್ರ ಭಂಡಾರ ಬರಲಿಲ್ಲ.

"ಚಾವಿ ಇಡು," ಎಂದರು ಸಾವಕಾರರು. ತಮ್ಮ ಕಿಸೆಯಿಂದ ಚಾವಿ ತೆಗೆದು, ಅಂಗಿಗೆ ಒರೆಸಿ, ಬಾನೆಟ್ಟಿನ ಮೇಲೆ ಇಟ್ಟ.

ಇಂಜಿನ್ ನಾನೇ ಬಿಚ್ಚಿದೆ. ಪಿಸ್ಟನ್ ಬದಲಿಸಿ, ಹೆಡ್ ಸಮ ಮಾಡಿಸಿ, ರೇಡಿಯೇಟರನ್ನು ಧಾರವಾಡಕ್ಕೆ ಕಳಿಸಿ ತೊಳೆಸಿ ಬೆಸುಗೆ ಹಾಕಿಸಿ ತಂದೆ. ಮೊದಲೇ ಮಾಡಬೇಕಾಗಿದ್ದ ಕೆಲಸ. ಎಲ್ಲ ಕೂಡಿಸಿದ ಮೇಲೆ ನೀರು ಹಾಕಬೇಕಿತ್ತು. ತಮ್ಮ ತನ್ನ ಡಬ್ಬಿಯನ್ನು ಅಲ್ಲೇ ಮೂಲೆಯಲ್ಲಿ ಬಿಟ್ಟುಹೋಗಿದ್ದ. ತಳದಲ್ಲಿ ಮನೋಳಿಯ ನೀರು ಉಳಿದಿತ್ತು. ಬೇರೆ ಸಿಹಿನೀರು ಹತ್ತಿರದಲ್ಲಿರಲಿಲ್ಲ. ಅದನ್ನೇ ಹಾಕಿ, ಉಳಿದದ್ದಕ್ಕೆ ಬೇರೆ ತರಿಸಿದೆ. ಗಾಡಿ ಹೊಸ ಡ್ರೈವರನ ಕೈಗೆ ಹೋಯಿತು. ಮಳೆಗಾಲಕ್ಕೆ ಮೊದಲು ಸಾವಕಾರರು ಜಾಗಕ್ಕೆ ಹೂಂ ಎಂದರು. ಗ್ಯಾರೇಜು ನನ್ನದಾಯಿತು.

ತಮ್ಮ ಬೇರೆ ಗಾಡಿ ಹುಡುಕಿದ. ಎಲ್ಲಿಗೆ ಹೋದರೂ, "ಸವುಳ ನೀರು ಹಾಕಿ ಸಾವಕಾರ್ರ ಗಾಡಿ ಸುಟ್ಟಾಂವ ನೀನ ಹೌದಲ್ಲ?" ಎಂದು ಕೇಳುತ್ತಿದ್ದರು. ಅವನು ಹೌದೆನ್ನುತ್ತಿದ್ದ. ಕಡೆಗೆ ಮಾರ್ಕೆಟ್ಟಿನಲ್ಲಿ ಹಮಾಲಿಗೆ ಸೇರಿದ. ಹತ್ತಿಯ ಅಂಡಿಗೆ ಹೊರುವ ಕೆಲಸ. ಖಾಕಿ ಅಂಗಿಯನ್ನೇ ತೊಟ್ಟು ಹೋಗುತ್ತಿದ್ದ. ಅದು ಹೆಗಲ ಮೇಲೆ ಹರಿಯಿತು, ಅವ್ವ ತೇಪೆ ಹಾಕಿದಳು, ತೇಪೆಯೂ ಹರಿಯಿತು. ಒಂದೇ ಮನೆಯಲ್ಲಿ ಇದ್ದೆವು, ಒಂದೇ ಗಂಗಾಳದಲ್ಲಿ ಉಂಡೆವು. ಮಳೆ, ಕೇರಿಯ ಜಗಳ, ಅವ್ವನ ಕೆಮ್ಮು, ಎಲ್ಲದರ ಮಾತಾಡಿದೆವು. ಗಾಡಿಯ ಮಾತು ಬರಲಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ಹೆದರಿಕೆಯಿಂದ ಮಾಡಿದೆ ಎಂದು ಹೇಳಿಕೊಳ್ಳಬಹುದು. ಎಷ್ಟೋ ಕಾಲ ನಾನು ಹಾಗೆಯೇ ಹೇಳಿಕೊಂಡೆ. ಇನ್ನು ಮುಂದಿನದಕ್ಕೆ ಆ ಮಾತು ನಿಲ್ಲುವುದಿಲ್ಲ.

ಮುಂದಿನ ಸುಗ್ಗಿ ಶುರುವಾಗಿತ್ತು. ಸಾವಕಾರರು ಎಣ್ಣೆ ಬದಲಿಸಲು ತಾವೇ ಕೂತು ಗಾಡಿ ತರಿಸಿದರು. ಡ್ರೈವರನನ್ನು ಚಹಾಕ್ಕೆ ಕಳಿಸಿ, ಹೊರಸಿನ ಮೇಲೆ ಕೂತರು.

"ಈ ಹೊಸಾವ ಕುಡೀತಾನೋ ಮಿಸ್ತ್ರಿ," ಎಂದರು. "ಮೊನ್ನೆ ಕಿತ್ತೂರಾಗ ಗಾಡಿ ಬಿಟ್ಟು ಎಲ್ಲೋ ಬಿದ್ದಿದ್ದ. ನಿನ್ನ ತಮ್ಮಂದು ಆ ಒಂದು ತಪ್ಪು ಬಿಟ್ರ ಮನಶಾ ಛಲೋ. ಹೆಣ್ಮಕ್ಕಳನ್ನ ಕಳಿಸಿದ್ರ ನಮಗ ಕಾಳಜಿ ಇರತಿದ್ದಿಲ್ಲ. ಮತ್ತ ಇಟಗೊಳ್ಳೂಣು ಅಂತ ನಮ್ಮ ಮನಿಯಾಕಿನೂ ಅನ್ನಾಕ ಹತ್ತ್ಯಾಳ. ನೀ ಏನಂತಿ? ಇನ್ನ ಮ್ಯಾಲ ನೀರಿಂದು ಸರಿ ಇಡತಾನಂತ ನೀ ಒಂದು ಮಾತು ಹೇಳು, ನಾಳೆನ ಚಾವಿ ಕೊಡತೇನಿ."

ಒಂದು ಮಾತು. ನಿಜವನ್ನು ಹೇಳಬೇಕಾಗಿಯೂ ಇರಲಿಲ್ಲ. ಇಡುತ್ತಾನೆ ಎಂದರೆ ಸಾಕಿತ್ತು. ಗ್ಯಾರೇಜು ನನ್ನದಾಗಿತ್ತು, ನನಗೆ ಹೋಗುವಂಥದ್ದು ಏನೂ ಇರಲಿಲ್ಲ. ತಮ್ಮನಿಗೆ ಸ್ಟೇರಿಂಗು ಮರಳಿ ಸಿಗುತ್ತಿತ್ತು.

"ನನ್ನ ತಮ್ಮನ ಸಲುವಾಗಿ ನಾ ಹೆಂಗ ಹೇಳ್ಲಿರಿ," ಎಂದೆ. "ನಿಮ್ಮ ಮನಸ್ಸು."

ಸಾವಕಾರರು ವಸ್ತ್ರವನ್ನು ಹೆಗಲಿಗೇರಿಸಿಕೊಂಡರು. "ಅಣ್ಣನ ಹಿಂಗಂದ್ರ ಮುಗೀತು ಬಿಡು," ಎಂದರು. ಎದ್ದು ಹೋದರು. ಗಾಡಿ ಸಂಜೆಯವರೆಗೆ ನನ್ನಲ್ಲೇ ಇತ್ತು.

ಯಾಕೆ ಹಾಗೆಂದೆ ಎಂದು ಬಹಳ ಸಲ ಹುಡುಕಿದ್ದೇನೆ. ಸಿಕ್ಕಿದ್ದು ಇಷ್ಟೇ. ತಮ್ಮ ಮತ್ತೆ ಆ ಗಾಡಿ ಹತ್ತಿದರೆ ವಾರವಾರ ಗ್ಯಾರೇಜಿಗೆ ಬರುತ್ತಾನೆ. ಎರಡೂ ಕೈಯಿಂದ ಬಾನೆಟ್ ಎತ್ತುತ್ತಾನೆ. 'ಅಣ್ಣಾ, ಒಳಗ ನೋಡು' ಎನ್ನುತ್ತಾನೆ. ಮಾರ್ಕೆಟ್ಟಿನಲ್ಲಿ ಅಂಡಿಗೆ ಹೊತ್ತರೆ ಅದು ಇರುವುದಿಲ್ಲ.

ಹೊತ್ತು ಇಳಿಯುವ ಮುಂಚೆ ತಮ್ಮ ಬಂದ. ತಲೆಯಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆ ಅಂಟಿದ್ದವು. ಬೇವಿನ ಕೆಳಗೆ ನಿಂತ ಗಾಡಿಯನ್ನು ನೋಡಿ ನಿಂತ.

"ಸಾವಕಾರ್ರು ಬಂದಿದ್ರಂತ?"

"ಬಂದಿದ್ರು. ಎಣ್ಣಿ ಬದಲಿ ಮಾಡಾಕ."

"ನನ್ನ ಸುದ್ದಿ ಏನರ ತಗದ್ರೇನು? ಅಡತ್ಯಾಗ ಯಾರೋ ಅನ್ನಾಕ ಹತ್ತಿದ್ರು, ನನ್ನ ಮತ್ತ ಕರೀತಾರಂತ."

"ಇಲ್ಲ," ಎಂದೆ.

ಅವನು ತಲೆಯಾಡಿಸಿದ. ಗಾಡಿಯ ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಕೈ ಇಟ್ಟ. "ಈಗ ಕಾಯಂಗಿಲ್ಲಲ್ಲ?"

"ಇಲ್ಲ."

"ಛಲೋ ಆತು." ಕೈ ತೆಗೆದ. ಮೂಲೆಯಲ್ಲಿದ್ದ ತನ್ನ ಡಬ್ಬಿ ಅವನ ಕಣ್ಣಿಗೆ ಬಿತ್ತು. "ಇದನ್ನ ಒಯ್ಯಲೇನಣ್ಣಾ? ಮಾರ್ಕೆಟ್ಟಿನ್ಯಾಗ ಕುಡಿಯಾಕ ಬೇಕಾಗತೈತಿ. ಅಲ್ಲೂ ಮ್ಯಾಲಿಂದನ ಹಾಕತಾರ."

"ಒಯ್ಯಿ," ಎಂದೆ.

ಅವನು ಡಬ್ಬಿಯನ್ನು ಬೋರಲು ಮಾಡಿ ತಳ ಬಡಿದ. ಹೊಳೆಯ ಮರಳು ಸ್ವಲ್ಪ ಉದುರಿತು. ಡಬ್ಬಿಯನ್ನು ಕೈಗೆ ತೂಗುಹಾಕಿಕೊಂಡು ಮನೆಯ ಕಡೆ ಹೋದ. ಅವನು ಆಮೇಲೆ ಯಾವ ಗಾಡಿಯನ್ನೂ ನಡೆಸಲಿಲ್ಲ.

ನನಗೆ ಕೆಲಸ ಮುಗಿಸಬೇಕಿತ್ತು. ಹೊಸ ಎಣ್ಣೆ ಸುರಿದು, ಇಂಜಿನ್ ಚಾಲೂ ಮಾಡಿ ಬಿಸಿಯಾಗುವವರೆಗೆ ಬಿಟ್ಟೆ. ನಿಲ್ಲಿಸಿದೆ. ರೇಡಿಯೇಟರಿನ ಮೇಲೆ ಅಂಗೈ ಇಟ್ಟು ಮೇಲಿನಿಂದ ಕೆಳಕ್ಕೆ ಸವರಿದೆ. ಮೇಲೆ, ನಡುವೆ, ಬದಿಯಲ್ಲಿ, ಎಲ್ಲಿಯೂ ತಣ್ಣನೆಯ ಜಾಗ ಇರಲಿಲ್ಲ. ಗಾಡಿ ಸರಿ ಇತ್ತು.